ತೋಪ್‌ಕಾಪಿಯಿಂದ ಗೋಗಿಯವರೆಗೆ

ಇಸ್ತಾಂಬುಲ್‌ಗೆ ಹೋದವರು ತಪ್ಪದೆ ನೋಡುವ ಸ್ಥಳ ತೋಪ್‌ಕಾಪಿ ಅರಮನೆ. 1453ರಲ್ಲಿ ಆ ನಗರವನ್ನು ಗೆದ್ದ ಉಸ್ಮಾನಿ ಸುಲ್ತಾನ್ ಮುಹಮ್ಮದ್ ಫಾತಿಹ್ 1459ರಲ್ಲಿ ಇದನ್ನು ಕಟ್ಟಿಸಲು ಆರಂಭಿಸಿದರು. ಮೂರು ಕಡೆ ನೀರಿರುವ ಎತ್ತರದ ನೆಲ. ಒಂದರ ಹಿಂದೆ ಒಂದರಂತೆ ನಾಲ್ಕು ಅಂಗಳಗಳು. ಕೊನೆಯ ಅಂಗಳದಲ್ಲಿ ನಿಂತರೆ ಬಾಸ್ಫರಸ್ ಜಲಸಂಧಿಯ ಆಚೆ ಏಷ್ಯಾದ ಉಸ್ಕುದಾರ್, ಇನ್ನೊಂದು ಬದಿಗೆ ಗಲಾತಾ ಬಡಾವಣೆ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸುಲ್ತಾನರು ಇದನ್ನು ಬಿಟ್ಟು, 1856ರಲ್ಲಿ ಮುಗಿದ, ಬೆಶಿಕ್ತಾಶ್ ದಡದ ದೋಲ್ಮಾಬಾಹ್ಚೆ ಅರಮನೆಗೆ ಹೋದರು. 1924ರಲ್ಲಿ ತೋಪ್‌ಕಾಪಿ ವಸ್ತುಸಂಗ್ರಹಾಲಯವಾಯಿತು.

ಈ ಉಸ್ಮಾನಿ ಮನೆತನಕ್ಕೂ ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿ ಗ್ರಾಮಕ್ಕೂ ಒಂದು ನಂಟಿದೆ ಎಂದರೆ ಅನೇಕರು ನಂಬಲಾರರು. ಗೋಗಿಯಲ್ಲಿ ಹಜ್ರತ್ ಚಂದಾ ಹುಸೇನಿಯವರ ದರ್ಗಾ ಇದೆ. ಅದರ ಸಮೀಪದಲ್ಲೇ ಬಿಜಾಪುರದ ಆದಿಲ್‌ಶಾಹಿ ರಾಜ್ಯದ ಸ್ಥಾಪಕ ಯೂಸುಫ್ ಆದಿಲ್ ಶಾಹ್, ಅವರ ಮಗ ಇಸ್ಮಾಯಿಲ್, ಮೊಮ್ಮಗ ಒಂದನೆಯ ಇಬ್ರಾಹೀಮ್ ಮಣ್ಣಾಗಿದ್ದಾರೆ. ಈ ಯೂಸುಫ್ ಉಸ್ಮಾನಿ ರಾಜಕುಮಾರರೆಂದು ಹೇಳುವ ಕಥೆಯೊಂದು ನಾಲ್ಕು ನೂರು ವರ್ಷಗಳಿಂದ ಪ್ರಚಾರದಲ್ಲಿದೆ.

ಕಥೆಯನ್ನು ಬರೆದಿಟ್ಟವರು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ. ಅವರ ಪ್ರಕಾರ ಯೂಸುಫ್ ಸುಲ್ತಾನ್ ಎರಡನೆಯ ಮುರಾದರ ಮಗ. 1451ರಲ್ಲಿ ಮುರಾದ್ ತೀರಿಕೊಂಡು ಹಿರಿಯ ಮಗ ಮುಹಮ್ಮದ್ ಪಟ್ಟಕ್ಕೆ ಬಂದಾಗ, ಮುಂದೆ ಸಿಂಹಾಸನಕ್ಕೆ ಪೈಪೋಟಿ ಬಾರದಿರಲೆಂದು ತಮ್ಮನನ್ನು ಕೊಲ್ಲಲು ಆಜ್ಞೆಯಾಯಿತು. ತಾಯಿ ಗುಟ್ಟಾಗಿ ಬೇರೊಬ್ಬ ಹುಡುಗನನ್ನು ಆ ಜಾಗದಲ್ಲಿಟ್ಟು, ಮಗನನ್ನು ಇರಾನಿನ ಸಾವಾ ಪಟ್ಟಣದ ವ್ಯಾಪಾರಿಯೊಬ್ಬನಿಗೆ ಒಪ್ಪಿಸಿದಳು. ಅಲ್ಲಿ ಬೆಳೆದ ಹುಡುಗ ಮುಂದೆ ಹಡಗಿನಲ್ಲಿ ದಾಭೋಳ ಬಂದರಿಗೆ ಬಂದಿಳಿದು, ಬೀದರಿನಲ್ಲಿ ಗುಲಾಮನಾಗಿ ಬಹಮನಿ ಸೇವೆಗೆ ಸೇರಿದ.

ಈ ಕಥೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಉಸ್ಮಾನಿ ಮನೆತನದಲ್ಲಿ ಸೋದರಹತ್ಯೆ ನಡೆದದ್ದು ನಿಜ. 1451ರಲ್ಲಿ ಮುಹಮ್ಮದರ ಹಸುಳೆ ತಮ್ಮ ಅಹ್ಮದ್‌ನನ್ನು ಕೊಲ್ಲಲಾಯಿತು. 1595ರಲ್ಲಿ ಮೂರನೆಯ ಮುಹಮ್ಮದ್ ತನ್ನ ಹತ್ತೊಂಬತ್ತು ಸಹೋದರರನ್ನು ಕೊಲ್ಲಿಸಿದ. ಆದರೆ 1451ರಲ್ಲಿ ಇಸ್ತಾಂಬುಲ್ ಇನ್ನೂ ಅವರ ಕೈಗೆ ಬಂದಿರಲಿಲ್ಲ, ತೋಪ್‌ಕಾಪಿಯೂ ಇರಲಿಲ್ಲ. ರಾಜಧಾನಿ ಎದಿರ್ನೆ ಆಗಿತ್ತು. ಫಿರಿಶ್ತಾ ಬರೆದದ್ದು ಯೂಸುಫ್ ತೀರಿಕೊಂಡು ಸುಮಾರು ನೂರು ವರ್ಷಗಳ ನಂತರ, ಅದೂ ಅವರದೇ ವಂಶದ ಅರಸನ ಆಶ್ರಯದಲ್ಲಿ. ಅದೇ ಕಾಲದ ರಫೀಉದ್ದೀನ್ ಶೀರಾಜಿ ಯೂಸುಫ್‌ರ ಮೂಲವನ್ನು ಇರಾನಿನ ತುರ್ಕಮಾನ್ ಮನೆತನಕ್ಕೆ ಜೋಡಿಸುತ್ತಾರೆ. ಪೋರ್ಚುಗೀಸರು ಅವರನ್ನು 'ಸಬಾಯೊ' ಎಂದು ಕರೆದರು. ಅದು ಸಾವಾ ಊರಿನ ಹೆಸರಿನಿಂದ ಬಂದ ಮಾತು. ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ರಾಜಕುಮಾರನ ಕಥೆಯನ್ನು ಒಪ್ಪುವುದಿಲ್ಲ.

ಹಾಗಾದರೆ ಉಳಿಯುವುದೇನು? ನನ್ನ ಅಭಿಪ್ರಾಯದಲ್ಲಿ, ಕಥೆಗಿಂತ ದೊಡ್ಡದಾದ ಸತ್ಯ. ಪರದೇಶದಿಂದ ಬಂದ ಒಬ್ಬ ಮನುಷ್ಯ ಮಹಮೂದ್ ಗವಾನರ ಆಶ್ರಯದಲ್ಲಿ ಮೇಲೆ ಬಂದು, ಬಿಜಾಪುರದ ಅಧಿಕಾರಿಯಾಗಿ, 1490ರ ಹೊತ್ತಿಗೆ ಸ್ವತಂತ್ರ ರಾಜ್ಯ ಕಟ್ಟಿದ. ಪಣಜಿಯಲ್ಲಿ ಮಾಂಡವಿ ನದಿಯ ದಡದಲ್ಲಿ ಅರಮನೆ ಕಟ್ಟಿಸಿದ. ಈ ನೆಲದ ಮರಾಠಾ ಸರದಾರ ಮುಕುಂದರಾಯನ ತಂಗಿಯನ್ನು ಮದುವೆಯಾದ. ಬೂಬೂಜಿ ಖಾನಂ ಎಂದು ಹೆಸರಾದ ಆಕೆಯೇ, ಗಂಡ 1510ರಲ್ಲಿ ತೀರಿಕೊಂಡ ಮೇಲೆ, ಮಂತ್ರಿ ಕಮಾಲ್ ಖಾನನ ಪಿತೂರಿಯನ್ನು ಎದುರಿಸಿ, ಎಳೆಯ ಮಗ ಇಸ್ಮಾಯಿಲನ ಗದ್ದುಗೆಯನ್ನು ಉಳಿಸಿದಳು. ಮೊಮ್ಮಗ ಇಬ್ರಾಹೀಮ್ 1534ರಲ್ಲಿ ಪಟ್ಟಕ್ಕೆ ಬಂದು, ಸರಕಾರಿ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶಭಾಷೆಗೆ ಬದಲಿಸಿ, ಬ್ರಾಹ್ಮಣ ಲೆಕ್ಕಿಗರಿಗೆ ವಹಿಸಿಕೊಟ್ಟರೆಂದು ಅದೇ ಫಿರಿಶ್ತಾ ಬರೆಯುತ್ತಾರೆ. ಮೂರನೆಯ ತಲೆಮಾರಿಗೆ ಪರದೇಶಿ ಮನೆತನ ಈ ನೆಲದ ಮನೆತನವಾಗಿತ್ತು.

ಇಂದು ಈ ಕಥೆಯನ್ನು ಎರಡು ಕಡೆಯವರೂ ಬಳಸುತ್ತಾರೆ. ತುರ್ಕಿ ಧಾರಾವಾಹಿಗಳನ್ನು ನೋಡಿ ನಮ್ಮ ಕೆಲವು ಯುವಕರು ತಮ್ಮ ಬೇರನ್ನು ಬಾಸ್ಫರಸ್ ದಡದಲ್ಲಿ ಹುಡುಕುತ್ತಾರೆ. ಇನ್ನು ಕೆಲವರು ಅದೇ ಮಾತನ್ನು ಹಿಡಿದು ಇಲ್ಲಿಯ ಮುಸ್ಲಿಮರೆಲ್ಲ ಹೊರಗಿನವರು ಎನ್ನುತ್ತಾರೆ. ಇಬ್ಬರೂ ಮಾಡುತ್ತಿರುವುದು ವಂಶದ ಲೆಕ್ಕವನ್ನೇ. ಅರಬನಿಗೆ ಅರಬನಲ್ಲದವನಿಗಿಂತ ಮೇಲ್ಮೆಯಿಲ್ಲ, ಮೇಲ್ಮೆ ಇರುವುದು ಧರ್ಮನಿಷ್ಠೆಗೆ ಮಾತ್ರ ಎಂದು ಪ್ರವಾದಿ ಮುಹಮ್ಮದ್‌(ಸ)ರು ವಿದಾಯ ಭಾಷಣದಲ್ಲಿ ಸಾರಿದ ಮೇಲೆ, ಮುಸ್ಲಿಮನಿಗೆ ಆ ಲೆಕ್ಕದ ಅಗತ್ಯವಾದರೂ ಏನು?

ಯೂಸುಫರ ದೇಹವನ್ನು ಅವರು ಕಟ್ಟಿದ ರಾಜಧಾನಿಯಲ್ಲಿ ಮಣ್ಣು ಮಾಡಲಿಲ್ಲ. ಅವರು ಗೌರವಿಸುತ್ತಿದ್ದ ಸೂಫಿಯ ಪಕ್ಕಕ್ಕೆ, ಗೋಗಿಗೆ ತಂದರು. ಮಗನೂ ಮೊಮ್ಮಗನೂ ಅಲ್ಲಿಗೇ ಬಂದರು. ಗೋಲ್‌ಗುಂಬಜ್‌ನ ವೈಭವ ಆ ಗೋರಿಗಳಿಗಿಲ್ಲ. ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ, ಸುರಪುರದ ನಾಯಕರ ಅರಮನೆ ನೋಡಲು ಬರುವವರು ಗೋಗಿಯನ್ನು ಬಿಟ್ಟು ಹೋಗುವುದೇ ಹೆಚ್ಚು. ಇತ್ತೀಚಿನ ದಶಕಗಳಲ್ಲಿ ಆ ಊರಿನ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಯುರೇನಿಯಂ ನಿಕ್ಷೇಪದ ಕಾರಣಕ್ಕೆ, ಅರಸರ ಕಾರಣಕ್ಕಲ್ಲ.

ತೋಪ್‌ಕಾಪಿಯನ್ನು ನೋಡಿ ಬಂದವರನ್ನು ಕಂಡರೆ ಸಂತೋಷವೇ. ಆದರೆ ಶಹಾಪುರದ ಮಕ್ಕಳನ್ನು ಅವರ ಶಿಕ್ಷಕರು ಒಂದು ದಿನ ಗೋಗಿಗೆ ಕರೆದುಕೊಂಡು ಹೋಗಲಿ. ಇಲ್ಲಿ ಮಲಗಿದವರು ಎಲ್ಲಿಂದ ಬಂದರು ಎಂಬುದನ್ನು ಹೇಳಲಿ. ಜೊತೆಗೆ, ಅವರು ಎಲ್ಲಿ ಉಳಿದರು ಎಂಬುದನ್ನೂ ಹೇಳಲಿ.