ರಿವರ್ಸ್‌ಗೆ ಅಪ್ಪಣೆ ಯಾರದು?

ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹಿಂದಕ್ಕೆ ಬರೋದನ್ನು ನೋಡಿದ್ದೀರಾ? ಕಂಡಕ್ಟರ್ ಕೆಳಗಿಳಿದು ಹಿಂದೆ ಹೋಗಿ ನಿಲ್ಲುತ್ತಾನೆ. "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅಂತ ಕೂಗುತ್ತಾನೆ. ರಜೆಗೆ ಮಾತ್ರ ಊರಿಗೆ ಹೋದವರಿಗೂ ಈ ದನಿ ಗೊತ್ತಿರುತ್ತೆ. ಮುಂದೆ ಹೋಗಲು ಒಂದು "ರೈಟ್" ಸಾಕು. ಹಿಂದೆ ಬರಲು ಮಾತ್ರ ಗೇಣುಗೇಣಿಗೂ ಇನ್ನೊಬ್ಬರ ಅಪ್ಪಣೆ ಬೇಕು.

ಈ ಸಲದ ಪ್ರಬಂಧ ಆ ಅಪ್ಪಣೆಯ ಚರಿತ್ರೆ. ಕಥೆ ನಡೆಯೋದು ಲಾಸ್ ಏಂಜಲೀಸ್ ಕಡೆ, ಎಲ್ ಸೆಗುಂಡೋದ ಸುತ್ತಮುತ್ತ. ವಿಷಯ ಗೇರ್‌ಬಾಕ್ಸಿಗೆ ಕೂತಿರೋ ಒಂದು ಪುಟ್ಟ ಸೊಲೆನಾಯ್ಡ್. ಹಳೇ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತೆಗೆದು ಆರು ಗೇರಿನ ಮ್ಯಾನ್ಯುಯಲ್ ಕೂರಿಸಿದವರು ಕೊನೆಗೆ ಬಂದು ನಿಲ್ಲೋದು ಇದರ ಎರಡು ಪಿನ್ನುಗಳ ಮುಂದೆ. "ಇದಕ್ಕೆ ಕರೆಂಟ್ ಎಲ್ಲಿಂದ ಕೊಡಲಿ?" ಅಂತ ಕೇಳುತ್ತಾರೆ. ಪ್ರಶ್ನೆ ವೈರಿಂಗಿನದ್ದು ಅನ್ನಿಸುತ್ತೆ. ಆದರೆ ಅದರ ಹಿಂದೆ ನೂರು ವರ್ಷಕ್ಕೂ ಹಳೆಯದಾದ ಇನ್ನೊಂದು ಪ್ರಶ್ನೆ ಇದೆ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಿಂದ ಶುರು ಮಾಡೋಣ. ಅದರಲ್ಲಿ ನೆಲದ ಮೇಲೆ ಮೂರು ಪೆಡಲ್. ಎಡಗಡೆಯದು ಮುಂದಕ್ಕೆ ಹೋಗಲು, ಬಲಗಡೆಯದು ಬ್ರೇಕ್, ನಡುವಿನದು ರಿವರ್ಸ್. ಬೀಗ ಇಲ್ಲ, ಅಡ್ಡಿ ಇಲ್ಲ. ಕಾರು ಮುಂದೆ ಹೋಗುತ್ತಿರುವಾಗಲೇ ನಡುವಿನ ಪೆಡಲ್ ಒತ್ತಬಹುದಿತ್ತು. ವೇಗ ತಗ್ಗಿಸಲು ಎಷ್ಟೋ ಜನ ಅದನ್ನೇ ಬ್ರೇಕಿನಂತೆ ಬಳಸುತ್ತಿದ್ದರು. ಆ ಗೇರ್‌ಬಾಕ್ಸಿನಲ್ಲಿ ಹಲ್ಲುಗಳು ಸದಾ ಕೂಡಿಕೊಂಡೇ ಇರುತ್ತಿದ್ದವು. ಪೆಡಲ್ ಒತ್ತಿದರೆ ಒಂದು ಪಟ್ಟಿ ಡ್ರಮ್ಮನ್ನು ಬಿಗಿಹಿಡಿಯುತ್ತಿತ್ತು, ಅಷ್ಟೇ. ತಪ್ಪಿದರೆ ಸವೆಯೋದು ಪಟ್ಟಿ.

ಮಾಡೆಲ್ ಟಿ ಹೋಗಿ, ಗೇರು ಹಾಕಲು ಕೈಯಿಂದ ಕೋಲು ಆಡಿಸುವ ಕಾಲ ಬಂತು. ಮೂರು ಗೇರಿನ ಕಾರಿನಲ್ಲಿ ಎಡಕ್ಕೆ ಕೆಳಗೆ ಫಸ್ಟ್, ಅದರ ನೇರ ಮೇಲೆ ರಿವರ್ಸ್, ಬಲಕ್ಕೆ ಮೇಲೆ ಸೆಕೆಂಡ್, ಅದರ ಕೆಳಗೆ ಥರ್ಡ್. ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗುವಾಗ ಕೋಲನ್ನು ಮೇಲೆತ್ತಿ ಬಲಕ್ಕೆ ತಿರುಗಿಸಬೇಕು. ಆತುರದಲ್ಲಿ ನೇರ ಮೇಲಕ್ಕೇ ತಳ್ಳಿದರೆ ಸಿಗೋದು ರಿವರ್ಸ್. ಈ ಸಲ ಸವೆಯೋದು ಪಟ್ಟಿ ಅಲ್ಲ, ಉಕ್ಕಿನ ಹಲ್ಲು. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೊಮೆಶ್ ತಂದಮೇಲೆ ಮುಂದಿನ ಗೇರುಗಳು ನಯವಾದವು. ರಿವರ್ಸ್ ಬಹುಕಾಲ ಹಳೇ ಒರಟುತನದಲ್ಲೇ ಉಳಿಯಿತು.

ಇಷ್ಟೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಕಾರು ಬಿಚ್ಚಲು ಶುರು ಮಾಡಿದ್ದರು. ಎಲ್ ಸೆಗುಂಡೋ ಅಂದರೆ ಸ್ಪ್ಯಾನಿಷ್‌ನಲ್ಲಿ "ಎರಡನೆಯದು". ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1911ರಲ್ಲಿ ಕ್ಯಾಲಿಫೋರ್ನಿಯಾದ ತನ್ನ ಎರಡನೇ ರಿಫೈನರಿಯನ್ನು ಇಲ್ಲಿ ಕಟ್ಟಿತು, ಊರಿಗೆ ಅದೇ ಹೆಸರಾಯಿತು. ಪೆಟ್ರೋಲ್ ಪಕ್ಕದಲ್ಲೇ. ಆಮೇಲೆ ವಿಮಾನದ ಕಾರ್ಖಾನೆಗಳೂ ಬಂದವು, ಲೋಹದ ಕೆಲಸ ಬಲ್ಲ ಕೈಗಳೂ ಬಂದವು. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಒಣಗಿದ ಕೆರೆಯ ಅಂಗಳದಲ್ಲಿ ಕಾರು ಓಡಿಸಿ ವೇಗ ಅಳೆಯೋದು ಅದರ ಕೆಲಸ. ಈ ಹುಡುಗರು ಫೋರ್ಡ್ ಗೇರ್‌ಬಾಕ್ಸ್ ಬಿಚ್ಚಿ ಅದರೊಳಗೆ ಲಿಂಕನ್ ಜೆಫಿರ್ ಕಾರಿನ ಗೇರುಗಳನ್ನು ಕೂರಿಸುತ್ತಿದ್ದರು. ಒಂದು ಕಾರಿನ ಅಂಗವನ್ನು ಇನ್ನೊಂದಕ್ಕೆ ಕಸಿ ಮಾಡುವ ಅಭ್ಯಾಸ ಅಷ್ಟು ಹಳೆಯದು.

ಸ್ಯಾನ್ ಡಿಯಾಗೋದ ಬೀನ್ ಬ್ಯಾಂಡಿಟ್ಸ್ ಕ್ಲಬ್ಬನ್ನೂ ಇಲ್ಲಿ ನೆನೆಯಬೇಕು. ಮೆಕ್ಸಿಕನ್ ಮೂಲದ ಹುಡುಗರು ಹೆಚ್ಚಾಗಿದ್ದ ಗುಂಪು ಅದು, ಮುಂದಾಳು ಹ್ವಾಕೀನ್ ಆರ್ನೆಟ್. ತಮ್ಮನ್ನು ಹೀಯಾಳಿಸಲು ಜನ ಬಳಸುತ್ತಿದ್ದ ಮಾತನ್ನೇ ಎತ್ತಿಕೊಂಡು ಕ್ಲಬ್ಬಿನ ಹೆಸರು ಮಾಡಿಕೊಂಡರು. ಅಂಗಡಿಯ ದುಬಾರಿ ಭಾಗಗಳಿಗಿಂತ ಕೈಕೆಲಸವನ್ನು ನಂಬಿದವರು. ವಲಸೆ ಬಂದ ಮನೆಗಳ ಮಕ್ಕಳು ಗ್ಯಾರೇಜಿನಲ್ಲಿ ತಮ್ಮ ಜಾಗ ಕಂಡುಕೊಂಡ ಈ ಕಥೆ ನಮ್ಮಿಂದ ಅಷ್ಟೇನೂ ದೂರದ್ದಲ್ಲ, ಅಲ್ವಾ?

ಆ ದಿನಗಳಲ್ಲಿ ಗೇರ್‌ಬಾಕ್ಸ್ ಅಂದರೆ ಬರೀ ಉಕ್ಕು. ಎತ್ತಿ ತಂದು ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು. ರಿವರ್ಸ್‌ಗೆ ಅಡ್ಡಿ ಇದ್ದರೆ ಅದೂ ಕೈಗೆ ಸಿಗುವಂಥದ್ದೇ: ಗಟ್ಟಿ ಸ್ಪ್ರಿಂಗ್, ಎತ್ತಬೇಕಾದ ರಿಂಗ್, ಇಲ್ಲವೇ ಫೋಕ್ಸ್‌ವ್ಯಾಗನ್ ಬೀಟಲ್‌ನಂತೆ ಕೋಲನ್ನೇ ಕೆಳಕ್ಕೆ ಒತ್ತೋದು. ಊರಲ್ಲಿ ಮಾವನ ಹ್ಯುಂಡೈ ಓಡಿಸಿದ್ದರೆ ಆ ರಿಂಗ್ ನಿಮ್ಮ ಬೆರಳಿಗೆ ಗೊತ್ತು. ಅಪ್ಪಣೆ ಕೊಡೋದು ಚಾಲಕನ ಕೈ.

1992ರಲ್ಲಿ ಡಾಡ್ಜ್ ವೈಪರ್ ಜೊತೆ ಬಂದ ಬೋರ್ಗ್‌ವಾರ್ನರ್ ಟಿ-56 ಗೇರ್‌ಬಾಕ್ಸ್ ಇದನ್ನು ಬದಲಾಯಿಸಿತು. ಮರುವರ್ಷ ಅದು ಕಮಾರೊ ಮತ್ತು ಫೈರ್‌ಬರ್ಡ್‌ಗೂ ಬಂತು. ಆಮೇಲೆ ಮೆಕ್ಸಿಕೋ ಮೂಲದ ಟ್ರೆಮೆಕ್ ಕಂಪನಿಯ ಕೈ ಸೇರಿತು. ಇದರಲ್ಲಿ ಆರು ಗೇರು. ಕಮಾರೊದಲ್ಲಿ ರಿವರ್ಸ್ ಇರೋದು ಬಲತುದಿಯಲ್ಲಿ, ಐದನೇ ಗೇರಿನ ಪಕ್ಕದಲ್ಲೇ. ನಾಲ್ಕರಿಂದ ಐದಕ್ಕೆ ಹೋಗುವಾಗ ಕೈ ಸ್ವಲ್ಪ ಹೆಚ್ಚು ಬಲಕ್ಕೆ ವಾಲಿದರೂ ಅಪಾಯ. ಅದಕ್ಕೇ ಅಲ್ಲಿ ಬಿಗಿಯಾದ ಸ್ಪ್ರಿಂಗ್ ಇಟ್ಟು, ಅದರ ಬಿಗಿ ಸಡಿಲಿಸಲು ಸೊಲೆನಾಯ್ಡ್ ಇಟ್ಟರು. ಸೊಲೆನಾಯ್ಡ್ ಅಂದರೆ ತಾಮ್ರದ ತಂತಿಯ ಸುರುಳಿ. 12 ವೋಲ್ಟ್ ಕೊಟ್ಟರೆ ಅದು ಆಯಸ್ಕಾಂತವಾಗಿ ಒಳಗಿನ ಸರಳನ್ನು ಎಳೆಯುತ್ತೆ. ಕರೆಂಟ್ ಇದ್ದರೆ ದಾರಿ ಸಲೀಸು, ಇಲ್ಲದಿದ್ದರೆ ಬಿಗಿ. ತಂತಿ ಕಿತ್ತುಹೋದರೂ ಬೀಗ ಬೀಗವಾಗಿಯೇ ಉಳಿಯುತ್ತೆ. ಎಂಜಿನಿಯರುಗಳು ಬೇಕೆಂದೇ ಹೀಗೆ ಮಾಡಿದ್ದು.

ಕರೆಂಟ್ ಯಾವಾಗ ಕೊಡಬೇಕು ಅಂತ ತೀರ್ಮಾನಿಸೋದು ಕಾರಿನ ಕಂಪ್ಯೂಟರ್. ಚಕ್ರದ ವೇಗ ನಡಿಗೆಯ ಮಟ್ಟಕ್ಕೆ ಇಳಿದರೆ ಮಾತ್ರ ಬೀಗ ತೆಗೆಯುತ್ತೆ. ಅದೇ ಇಲ್ಲಿನ ಕಂಡಕ್ಟರ್.

ನಿಮ್ಮ ಪ್ರಾಜೆಕ್ಟಿನ ಎಡವಟ್ಟು ಈಗ ಗೊತ್ತಾಯ್ತಲ್ಲ? ಗುಜರಿಯಿಂದ ಗೇರ್‌ಬಾಕ್ಸ್ ತಂದಿರಿ, ಕಂಡಕ್ಟರ್ ಮಾತ್ರ ಹಳೇ ಕಾರಿನಲ್ಲೇ ಉಳಿದ. ಉಕ್ಕು ಬಂತು, ವಿವೇಕ ಬರಲಿಲ್ಲ. 1940ರ ಹುಡುಗರಿಗೆ ಈ ತೊಂದರೆ ಇರಲಿಲ್ಲ.

ಈಗ ದಾರಿ ಮೂರು. ಒಂದು, ತಂತಿಯನ್ನೇ ಹಾಕದೆ ಬಿಡೋದು. ಸ್ಪ್ರಿಂಗನ್ನು ಮೀರಿ ಜೋರಾಗಿ ತಳ್ಳಿದರೆ ರಿವರ್ಸ್ ಬೀಳುತ್ತೆ, ಆದರೆ ಪ್ರತಿ ಪಾರ್ಕಿಂಗ್‌ನಲ್ಲೂ ಕುಸ್ತಿ. ಎರಡು, ಬ್ರೇಕ್ ದೀಪದ ಸ್ವಿಚ್ಚಿನಿಂದ ಕರೆಂಟ್ ಕೊಟ್ಟು, ಇನ್ನೊಂದು ಪಿನ್ನನ್ನು ಅರ್ಥ್‌ಗೆ ಸೇರಿಸೋದು. ಬ್ರೇಕ್ ಒತ್ತಿದರೆ ಬೀಗ ತೆರೆಯುತ್ತೆ. ಸುಲಭ, ಅಗ್ಗ, ಬಹಳ ಜನ ಮಾಡೋದೂ ಇದನ್ನೇ. ಮೂರು, ವೇಗ ನೋಡಿ ಕರೆಂಟ್ ಕೊಡುವ ಪ್ರತ್ಯೇಕ ಮಾಡ್ಯೂಲ್, ಇಲ್ಲವೇ ಹೊಸ ಎಂಜಿನ್ ಕಂಪ್ಯೂಟರಿನಲ್ಲಿ ಆ ಔಟ್‌ಪುಟ್ ಇದ್ದರೆ ಅದು.

ಎರಡನೇ ದಾರಿಯ ಬೆಲೆ ತಿಳಿದು ಹಿಡಿಯಿರಿ. 405 ಫ್ರೀವೇಯಲ್ಲಿ 65 ಮೈಲಿ ವೇಗದಲ್ಲಿ ಬಂದು ಎಲ್ ಸೆಗುಂಡೋ ಬುಲೆವಾರ್ಡ್‌ಗೆ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಬ್ರೇಕ್ ಒತ್ತುತ್ತೀರಿ, ಆರರಿಂದ ಐದಕ್ಕೆ ಇಳಿಸುತ್ತೀರಿ. ಬೀಗ ಅತ್ಯಂತ ಬೇಕಾದ ಗಳಿಗೆ ಅದು. ಅದೇ ಗಳಿಗೆಯಲ್ಲಿ ನಿಮ್ಮ ಪಾದ ಬೀಗ ತೆಗೆದಿರುತ್ತೆ. ಬ್ರೇಕ್ ಒತ್ತಿದ್ದಾರೆ ಅನ್ನೋದು ಆ ಸ್ವಿಚ್ಚಿಗೆ ಗೊತ್ತು, ಕಾರು ನಿಂತಿದೆಯೋ ಇಲ್ಲವೋ ಅನ್ನೋದು ಗೊತ್ತಿಲ್ಲ. ಅದಕ್ಕೇ ದಿನಾ ಫ್ರೀವೇಗೆ ಹೋಗುವ ಕಾರಿಗೆ ಮೂರನೇ ದಾರಿಯೇ ಸರಿ.

ಯಾವ ದಾರಿ ಹಿಡಿದರೂ ಮೂರು ಮಾತು. ಆ ತಂತಿಗೆ ಫ್ಯೂಸ್ ಇರಲಿ. ಸುರುಳಿಗೆ ಕರೆಂಟ್ ನಿಂತ ಕ್ಷಣ ಅದು ವೋಲ್ಟೇಜನ್ನು ವಾಪಸ್ ಒದೆಯುತ್ತೆ, ಹಾಗಾಗಿ ಎರಡು ಪಿನ್ನುಗಳ ನಡುವೆ ಒಂದು ಡಯೋಡ್ ಹಾಕಿ, ಅದರ ಗೆರೆ ಇರುವ ತುದಿ ಪಾಸಿಟಿವ್ ಕಡೆಗಿರಲಿ. ಇನ್ನು, ಗೇರ್‌ಬಾಕ್ಸಿನ ಮೇಲೆ ರಿವರ್ಸ್ ದೀಪದ ಸ್ವಿಚ್ಚೂ ಇದೆ, ಅದಕ್ಕೂ ಎರಡೇ ತಂತಿ. ಅದನ್ನೇ ಸೊಲೆನಾಯ್ಡ್ ಅಂದುಕೊಂಡು ಪಾಸಿಟಿವ್ ಮತ್ತು ಅರ್ಥ್ ಕೊಟ್ಟರೆ, ರಿವರ್ಸ್ ಹಾಕಿದೊಡನೆ ಶಾರ್ಟ್ ಆಗಿ ಫ್ಯೂಸ್ ಹಾರುತ್ತೆ. ಪರೀಕ್ಷೆ ಸುಲಭ: ಎಂಜಿನ್ ಆಫ್ ಇರುವಾಗ ಸೊಲೆನಾಯ್ಡ್‌ಗೆ ಕರೆಂಟ್ ಕೊಡಿ. "ಟಕ್" ಅಂದು ಕೋಲು ಬಲಕ್ಕೆ ಸಲೀಸಾಗಿ ಸರಿದರೆ ಸರಿಯಾದ ಪಿನ್ನು ಸಿಕ್ಕಿದೆ.

ಮೊದಲು ಅಪ್ಪಣೆ ಚಾಲಕನ ಪಾದದ್ದಾಗಿತ್ತು, ಆಮೇಲೆ ಕೈಯದಾಯಿತು, ಆಮೇಲೆ ಕಂಪ್ಯೂಟರಿನದು. ಕಾರು ಬದಲಾಯಿಸಿದವರು ಆ ಹುದ್ದೆಗೆ ಹೊಸಬರನ್ನು ನೇಮಿಸಬೇಕು. ನೇಮಿಸುವಾಗ ಒಂದೇ ಪ್ರಶ್ನೆ ಕೇಳಿ: ಕಾರು ನಿಂತಿದೆ ಅಂತ ಇವನಿಗೆ ನಿಜವಾಗಿ ಗೊತ್ತಾಗುತ್ತಾ? ಗೊತ್ತಾಗದಿದ್ದರೆ "ಬರ್ಲಿ" ಅನ್ನುವ ಅಧಿಕಾರ ಅವನಿಗೆ ಕೊಡಬೇಡಿ.