ಸಿಸಿಟಿವಿ ದೃಶ್ಯದಲ್ಲಿ ದೇಹಲಕ್ಷಣಗಳಿಂದ ವ್ಯಕ್ತಿಯ ಗುರುತು

ಮುಖ ಕಾಣದ ಅಥವಾ ಮುಖ ಮುಚ್ಚಿಕೊಂಡ ವ್ಯಕ್ತಿಯನ್ನು ಎತ್ತರ, ಮೈಕಟ್ಟು, ನಡಿಗೆ, ಕಿವಿಯ ಆಕಾರ, ಗಾಯದ ಕಲೆ, ಹಚ್ಚೆಗಳಿಂದ ಗುರುತಿಸುವ ಅಪರಾಧ ತನಿಖೆಯ ವಿಧಾನ. ಈ ಲಕ್ಷಣಗಳು ‘ಇವನಲ್ಲ’ ಎಂದು ಹೇಳಲು ಗಟ್ಟಿ ಆಧಾರ. ‘ಇವನೇ’ ಎನ್ನಲು ಅವಷ್ಟೇ ಸಾಲವು. ಹನೂರು ತಾಲ್ಲೂಕಿನ ರಾಮಾಪುರದ ಓದುಗರಿಗೆ ಈ ಅಂತರ ಪಕ್ಕದ ಕಾಡಿನಲ್ಲೇ ಕಾಣುತ್ತದೆ. ಮಲೆಮಹದೇಶ್ವರ ವನ್ಯಧಾಮದಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳ ಚಿತ್ರದಿಂದ ಹುಲಿಯನ್ನು ಪಟ್ಟೆ ನೋಡಿ, ಚಿರತೆಯನ್ನು ಚುಕ್ಕೆ ನೋಡಿ ಗುರುತಿಸುತ್ತಾರೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ವಯಸ್ಸಾದರೂ ಅದು ಬದಲಾಗದು. ಹಾಗಿದ್ದೂ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತಿರದ ಕಾರಣ ಎರಡೂ ಬದಿಗೆ ಕ್ಯಾಮೆರಾ ಇಡುತ್ತಾರೆ. ಮನುಷ್ಯನ ಎತ್ತರ, ಮೈಕಟ್ಟುಗಳು ಹಾಗಲ್ಲ. ಒಂದೇ ಬೀದಿಯಲ್ಲಿ ಹತ್ತು ಜನರಿಗೆ ಹೊಂದಿಯಾವು. ಪ್ಯಾರಿಸ್ಸಿನ ಬೆರ್ಟಿಯೋ ರೂಪಿಸಿದ ದೇಹದ ಅಳತೆಯ ಪದ್ಧತಿ ಭಾರತದಲ್ಲೂ ಬಳಕೆಗೆ ಬಂದಿತ್ತು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಶುರುವಾದ ಮೇಲೆ ಅದು ಹಿಂದೆ ಸರಿಯಿತು.

ಅಳತೆಯ ಕಷ್ಟ ಅಂಗಡಿ ಮುಂದಿನ ಕ್ಯಾಮೆರಾದಲ್ಲೇ ಶುರುವಾಗುತ್ತದೆ. ಬಾಗಿಲ ಚೌಕಟ್ಟನ್ನು ಅಳತೆಗೋಲಾಗಿಟ್ಟುಕೊಂಡು ಎತ್ತರ ಲೆಕ್ಕಹಾಕಬಹುದು, ಆದರೆ ಹೆಜ್ಜೆ ಅಗಲವಾದಾಗ ತಲೆ ಕೆಲವು ಸೆಂಟಿಮೀಟರ್ ಕೆಳಗಿಳಿಯುತ್ತದೆ, ಚಪ್ಪಲಿ ಅದನ್ನು ಮತ್ತೆ ಏರಿಸುತ್ತದೆ, ಅಗಲ ನೋಟದ ಲೆನ್ಸು ಅಂಚಿನಲ್ಲಿ ಆಕಾರವನ್ನೇ ಬಾಗಿಸುತ್ತದೆ. ರಾತ್ರಿಯ ಇನ್‌ಫ್ರಾರೆಡ್ ಬೆಳಕಿನಲ್ಲಂತೂ ಕಪ್ಪು ಅಂಗಿ ಎಷ್ಟೋ ಸಲ ಬೆಳ್ಳಗೆ ಕಾಣುತ್ತದೆ.

ಪರಿಚಿತರನ್ನು ನಡಿಗೆಯಿಂದಲೇ ದೂರದಿಂದ ಗುರುತು ಹಿಡಿಯುತ್ತೇವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ವರ್ಷಗಟ್ಟಲೆ ನೋಡಿದ ಕಣ್ಣಿನ ಬಲ. ಅಪರಿಚಿತರ ವಿಷಯದಲ್ಲಿ ಆ ಬಲ ಇರುವುದಿಲ್ಲ. ‘ಇವನೇನಾ ನೋಡಿ’ ಎಂದು ಒಬ್ಬನನ್ನೇ ತೋರಿಸಿ ಕೇಳಿದರೆ ಪರಿಚಿತನ ಕಣ್ಣೂ ಎಡವುತ್ತದೆ. ನಡಿಗೆಯೂ ಸ್ಥಿರವಲ್ಲ. ಕೌದಳ್ಳಿ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟವರ ಮೊದಲ ದಿನದ ಹೆಜ್ಜೆಯನ್ನು, ಕಾಲು ಬೊಬ್ಬೆಯೆದ್ದ ಮೇಲಿನ ಹೆಜ್ಜೆಯನ್ನು ಹೋಲಿಸಿದರೆ ಸಾಕು. ಕಂಪ್ಯೂಟರ್ ಈ ತೊಡಕನ್ನು ಕಳೆಯುತ್ತದೆ ಎನ್ನುವವರೂ ಇದ್ದಾರೆ. ಅದು ಕೊಡುವುದು ಹೋಲಿಕೆಯ ಅಂಕ. ತನ್ನ ಸಂಗ್ರಹದಲ್ಲಿ ನಿಜವಾದ ವ್ಯಕ್ತಿಯೇ ಇಲ್ಲದಿದ್ದರೂ ಯಾರೋ ಒಬ್ಬರು ಮೊದಲ ಸ್ಥಾನದಲ್ಲಿ ಬರುತ್ತಾರೆ.

2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆಯಾದಾಗ ಅವರ ಮನೆಯ ಸಿಸಿಟಿವಿಯಲ್ಲಿ ಸಿಕ್ಕ ಹಂತಕ ಹೆಲ್ಮೆಟ್ ಧರಿಸಿದ್ದ. ವಿಶೇಷ ತನಿಖಾ ತಂಡ ಗುಜರಾತಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ನಡಿಗೆಯ ವಿಶ್ಲೇಷಣೆ ಮಾಡಿಸಿತು. ಆದರೆ ತಂಡ ಅಷ್ಟಕ್ಕೇ ನಿಲ್ಲದೆ ಗುಂಡುಗಳ ಪರೀಕ್ಷೆಯಂಥ ಬೇರೆ ಸಾಕ್ಷ್ಯವನ್ನೂ ಕಲೆಹಾಕಿತು. ಸರಿಯಾದ ಕ್ರಮ ಇದೇ.

ದೃಶ್ಯ ಕಾಯ್ದಿಡುವವರಿಗೆ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿಡಿಯೊ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುವ ಮುನ್ನ ಮೂಲ ದೃಶ್ಯವನ್ನು ತೆಗೆದಿಡಿ. ತಜ್ಞರು ಬಂದು ಅಳೆಯುವ ತನಕ ಕ್ಯಾಮೆರಾವನ್ನು ಇದ್ದ ಜಾಗದಿಂದ ಕದಲಿಸಬೇಡಿ.