ಚಡಾವಿನ ಊರಿನ ಸೈಕಲ್

ಪುತ್ತೂರು, ಸುಳ್ಯ, ಕಡಬ ಸೀಮೆಯ ಸೈಕಲ್ ಬಗ್ಗೆ ಈಚೆಗೆ ಯಾರು ಮಾತಾಡಿದರೂ ಎರಡು ಅಭಿಪ್ರಾಯ ತಪ್ಪದೆ ಬರುತ್ತವೆ. ಒಂದು, ನಮ್ಮಲ್ಲಿ ಸೈಕಲ್ ಸಂಸ್ಕೃತಿ ಹುಟ್ಟಿದ್ದೇ ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು ತೊಟ್ಟು ಹೊರಡುವ ತಂಡಗಳಿಂದ ಎಂಬುದು. ಇನ್ನೊಂದು, ಹಳೆಯ ಸೈಕಲ್ ಬಡವರ ಬಂಡಿಯಾಗಿತ್ತು, ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ದೇ ಜನ ಬೈಕು ಕೊಂಡರು ಎಂಬುದು. ಹೈಸ್ಕೂಲಿನ ಕಾಲದಿಂದ ಇದೇ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತ ಬಂದ ನಾನು ಎರಡನ್ನೂ ಒಪ್ಪುವುದಿಲ್ಲ. ಇಲ್ಲಿ ಸೈಕಲ್ ಸಂಸ್ಕೃತಿ ಇತ್ತು, ಗಟ್ಟಿಯಾಗಿಯೇ ಇತ್ತು. ಅದು ಹಿಂದೆ ಸರಿದದ್ದು ಈ ನೆಲಕ್ಕೆ, ಈ ಮಳೆಗೆ ಒಗ್ಗುವ ಸೈಕಲ್ಲನ್ನು ಯಾರೂ ನಮಗೆ ಮಾಡಿಕೊಡಲಿಲ್ಲವಾದ್ದರಿಂದ.

ಸೈಕಲ್ಲಿನ ಹುಟ್ಟನ್ನು ಬೇಗ ಹೇಳಿ ಮುಗಿಸಬಹುದು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ, ಕಾಲಲ್ಲಿ ನೆಲ ಒದ್ದು ಓಡಿಸುವ ಮರದ ಬಂಡಿ. 1860ರ ದಶಕದಲ್ಲಿ ಪ್ಯಾರಿಸಿನವರು ಮುಂದಿನ ಚಕ್ರಕ್ಕೆ ಜೋಡಿಸಿದ ಪೆಡಲು. ಆಮೇಲೆ ಆಳೆತ್ತರದ ಮುಂಗಾಲಿಯ ಅಪಾಯಕಾರಿ ಸೈಕಲ್. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಂದ, ಚೈನಿನಿಂದ ಹಿಂದಿನ ಚಕ್ರ ತಿರುಗುವ ರೋವರ್. 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟೈರು. ಇಂದಿಗೂ ನಾವು ತುಳಿಯುವುದು ಹೆಚ್ಚುಕಡಿಮೆ ಅದೇ ರೋವರ್ ಆಕಾರವನ್ನು. ಇದಾದ ಮೇಲಿನ ಒಂದು ಹೆಜ್ಜೆಯನ್ನು ನಮ್ಮಂಥ ಗುಡ್ಡದೂರಿನವರು ಮರೆಯಬಾರದು. 1902-03ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸ್ಟರ್ಮಿ-ಆರ್ಚರ್ ಹೆಸರಿನ ಮೂರು ಗೇರಿನ ಹಬ್ ತಯಾರಾಯಿತು. ಗೇರೆಲ್ಲ ಹಿಂಚಕ್ರದ ಹಬ್ಬಿನೊಳಗೇ ಇತ್ತು. ಅದಕ್ಕೆ ಕೆಸರು, ಮಳೆನೀರು ಸುಲಭವಾಗಿ ತಾಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಫ್ರಾನ್ಸಿನ ಗುಡ್ಡದೂರು ಸೇಂಟ್ ಎಟಿಯೆನ್‌ನಲ್ಲಿ ಪಾಲ್ ದ ವಿವಿ ಎಂಬ ಸಂಪಾದಕನಿದ್ದ. ತನ್ನ ಊರಿನ ಏರುಗಳಲ್ಲಿ ತಾನೇ ತುಳಿದು ನೋಡಿ, ಸಾಮಾನ್ಯ ಸವಾರನಿಗೆ ಹಲವು ಗೇರು ಬೇಕೇ ಬೇಕು ಎಂದು ತನ್ನ ಪತ್ರಿಕೆಯಲ್ಲಿ ಎಡೆಬಿಡದೆ ವಾದಿಸಿದ. ಟೂರ್ ದ ಫ್ರಾನ್ಸ್ ಸ್ಪರ್ಧೆ ಕಟ್ಟಿದ ಆನ್ರಿ ದೆಗ್ರಾಂಜ್‌ಗೆ ಗೇರೆಂದರೆ ಆಗುತ್ತಿರಲಿಲ್ಲ. ಚೈನು ಜರುಗಿಸುವ ಗೇರಿಗೆ ಆ ಸ್ಪರ್ಧೆಯಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ನಾನು ದ ವಿವಿಯ ಪಕ್ಷ. ಸೈಕಲ್ಲಿನ ಚರಿತ್ರೆಯನ್ನು ರೇಸಿನವರ ಚರಿತ್ರೆಯಾಗಿ ಬರೆಯುವ ರೂಢಿಯಿಂದ ನಮ್ಮಂಥ ಊರುಗಳಿಗೆ ನಷ್ಟವೇ ಆಗಿದೆ.

ಭಾರತಕ್ಕೆ ಮೊದಲು ಬಂದದ್ದು ಇಂಗ್ಲೆಂಡಿನ ಸೈಕಲ್. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸಿನ ಅಂಬತ್ತೂರಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ ಕೆಲಸ ಶುರುಮಾಡಿದವು. ಅಸನ್ಸೋಲ್‌ನಲ್ಲಿ ಸೆನ್-ರ‍್ಯಾಲಿ ಇತ್ತು. ಹೆಸರು ಹರ್ಕ್ಯುಲಿಸ್ ಇರಲಿ, ಅಟ್ಲಾಸ್ ಇರಲಿ, ಮಾಲು ಒಂದೇ: 28 ಇಂಚಿನ ಚಕ್ರ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ, ರಾಡ್ ಬ್ರೇಕು, ಉಕ್ಕಿನ ರಿಮ್ಮು, 20 ಕಿಲೋ ಆಸುಪಾಸಿನ ತೂಕ. ಗಟ್ಟಿತನದಲ್ಲಿ ಅದಕ್ಕೆ ಸಾಟಿಯಿಲ್ಲ. ಬಯಲುಸೀಮೆಯಲ್ಲಿ ಅದು ಎರಡು ತಲೆಮಾರು ಸಾಕಿದ ಸೈಕಲ್.

ನಮ್ಮಲ್ಲಿ ಮಾತ್ರ ಲೆಕ್ಕ ಬೇರೆ. ಚೈನ್‌ವೀಲಿಗೆ 44 ಹಲ್ಲು, ಫ್ರೀವೀಲಿಗೆ 18 ಹಲ್ಲು ಎಂದರೆ ಪೆಡಲನ್ನು ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗಬೇಕು. ರಾಯಚೂರಿನ ರಸ್ತೆಯಲ್ಲಿ ಅದು ಸುಖ. ಕುಂಬ್ರ, ಕಾವು, ಜಾಲ್ಸೂರು ದಾಟಿ ಸುಳ್ಯಕ್ಕೆ ಹೋಗುವ ದಾರಿಯಲ್ಲಿ, ಆಲಂಕಾರು-ಕಡಬ-ಮರ್ದಾಳದ ದಾರಿಯಲ್ಲಿ, ಪ್ರತಿ ಚಡಾವಿನಲ್ಲೂ ಇಳಿದು ನೂಕಬೇಕು. ಮೂರು ಗೇರಿನ ಹಬ್ಬಿನ ಕೆಳಗಿನ ಗೇರು ಇದನ್ನು ಕಾಲು ಪಾಲು ತಗ್ಗಿಸಿ ನಾಲ್ಕು ಮೀಟರಿಗೆ ಇಳಿಸುತ್ತದೆ. ಇಳಿದು ನೂಕುವ ಚಡಾವುಗಳಲ್ಲಿ ಎಷ್ಟನ್ನೋ ಕೂತೇ ಹತ್ತಿಸಲು ಅಷ್ಟು ಸಾಕಿತ್ತು. ಇನ್ನು ಬ್ರೇಕು. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆಯಿದು. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಹಿಡಿಯುವುದೇ ಇಲ್ಲ. ಆಷಾಢದ ಮಳೆಯಲ್ಲಿ ಹೊರೆ ಹೇರಿಕೊಂಡು ಇಳಿಜಾರು ಇಳಿಯುವವರು ಚಪ್ಪಲಿಯ ಅಡಿಯನ್ನು ಮುಂದಿನ ಟೈರಿಗೆ ಒತ್ತಿ ವೇಗ ತಗ್ಗಿಸುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ.

ಇಂಥ ಸೈಕಲ್ಲಿನ ಮೇಲೆಯೇ ಈ ಸೀಮೆ ಎಷ್ಟು ಕೆಲಸ ತೆಗೆಯಿತು! ಡಬಲ್ ಬಾರಿನ ಸೈಕಲ್ಲಿಗೆ ದಪ್ಪ ಸರಳಿನ ಕ್ಯಾರಿಯರ್ ಬೆಸೆದು, ಮೇಲೆ ಬುಟ್ಟಿ ಕಟ್ಟಿ, ಪೊಂ ಪೊಂ ಹಾರ್ನು ಒತ್ತುತ್ತ ಬರುವ ಮೀನಿನವರು, ಐಸ್‌ಕ್ಯಾಂಡಿಯ ಪೆಟ್ಟಿಗೆಯವರು, ಗುಜಿರಿಯವರು, ಅಂಚೆಯಣ್ಣ, ಸೊಸೈಟಿಗೆ ಹಾಲು ಒಯ್ಯುವವರು, ಅಡಿಕೆ ಗೋಣಿಯನ್ನು ಅಡ್ಡ ಹಾಕಿ ಪೇಟೆಗೆ ನೂಕಿಕೊಂಡು ಬರುವ ಸಣ್ಣ ಕೃಷಿಕರು. ಪೇಟೆಗಳಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಎಷ್ಟೋ ಮಕ್ಕಳು ಒಳಪೆಡಲು ಕಲಿತದ್ದು ಅಲ್ಲಿನ ಸೈಕಲ್ಲಿನಲ್ಲಿ. ಮಳೆ ಬಿಟ್ಟ ಮೇಲೆ ಶಾಲಾ ಮೈದಾನಗಳಲ್ಲಿ ಸೈಕಲ್ ಬ್ಯಾಲೆನ್ಸ್ ನಡೆಯುತ್ತಿತ್ತು. ಒಬ್ಬ ಹಗಲು-ರಾತ್ರಿ ಇಳಿಯದೆ ಸುತ್ತುತ್ತಾನೆ, ಊಟ, ಸ್ನಾನ ಎಲ್ಲ ಸೀಟಿನ ಮೇಲೆಯೇ; ಸುತ್ತ ನಿಂತ ಜನ ಅಂಗಿಗೆ ನೋಟು ಚುಚ್ಚುತ್ತಾರೆ. ಜಿಲ್ಲೆಯ ರಂಗಕಲೆಗಳ ಬಗ್ಗೆ ಇಷ್ಟು ಬರೆದ ನಾವು ಆ ಕಲಾವಿದರಿಗೆ ಒಂದು ಪುಟವನ್ನೂ ಕೊಟ್ಟಂತಿಲ್ಲ.

ಈ ಸಂಸ್ಕೃತಿಯನ್ನು ಹೊತ್ತು ನಿಂತವರು ಸೈಕಲ್ ಅಂಗಡಿಯ ಮೇಸ್ತ್ರಿಗಳು. ಅವರ ಕೈಚಳಕ ಅಳೆಯಲು ಕಾಟರ್ ಪಿನ್ ಒಂದೇ ಸಾಕು. ಪೆಡಲಿನ ಕ್ರ್ಯಾಂಕನ್ನು ಅಡ್ಡ ಆ್ಯಕ್ಸಲಿಗೆ ಹಿಡಿದಿಡುವ, ಬೆರಳುದ್ದದ ಬೆಣೆ ಅದು. ಚಡಾವಿನಲ್ಲಿ ಎದ್ದು ನಿಂತು ತುಳಿದಾಗ ಮೈಭಾರವೆಲ್ಲ ಅದರ ಮೇಲೆ. ಕೆಲವೇ ತಿಂಗಳಲ್ಲಿ ಪಿನ್ ಸವೆದು, ಪ್ರತಿ ತುಳಿತಕ್ಕೂ ಕಟಕ್ ಎನ್ನುತ್ತದೆ. ಮೇಸ್ತ್ರಿ ಹಳೆಯದನ್ನು ಬಡಿದು ಹೊರದಬ್ಬಿ, ಹೊಸ ಪಿನ್ನಿನ ಚಪ್ಪಟೆ ಮುಖವನ್ನು ಅರದಲ್ಲಿ ನಾಲ್ಕು ಸಲ ಉಜ್ಜಿ, ಕಣ್ಣೆದುರು ಹಿಡಿದು ನೋಡಿ, ಮತ್ತೆರಡು ಸಲ ಉಜ್ಜುತ್ತಾರೆ. ಕ್ರ್ಯಾಂಕಿನ ಅಡಿಗೆ ಕಬ್ಬಿಣದ ತುಂಡು ಆನಿಸಿ ಸುತ್ತಿಗೆಯಲ್ಲಿ ಒಂದೇ ಪೆಟ್ಟು, ಆಮೇಲೆ ವಾಷರು, ನಟ್ಟು. ಅರ ಒಂದಿಷ್ಟು ಹೆಚ್ಚಾದರೆ ಎರಡು ಪೆಡಲು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ತುಳಿಯುವವನ ಮೊಣಗಂಟಿಗೆ ಅದು ಗೊತ್ತಾಗುತ್ತದೆ. ಬಯಲುಸೀಮೆಯ ಮೇಸ್ತ್ರಿಗಿಂತ ನಮ್ಮವರಿಗೆ ಈ ಕೆಲಸ ಹೆಚ್ಚು ಬೀಳುತ್ತಿತ್ತು ಎಂದು ನಾನು ನಂಬಿದ್ದೇನೆ. ನೆಲಕ್ಕೂ ಯಂತ್ರಕ್ಕೂ ಹೊಂದದ ಕಡೆಯಲ್ಲೆಲ್ಲ ಆ ಹೊಂದಾಣಿಕೆಯನ್ನು ಮಾಡಿಕೊಟ್ಟವರು ಅವರು.

1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಮುಂದೆ ದೇಶದ ಹಲವೆಡೆ ಅವರ ಸೇತುವೆಗಳು ಎದ್ದವು, 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ದೋಣಿಗೆ ಕಾಯುತ್ತಿದ್ದ ಊರುಗಳಿಗೆ ಈ ಸೇತುವೆಗಳು ದಾರಿಯಾದುದನ್ನು ಎಲ್ಲರೂ ಹೇಳುತ್ತಾರೆ. ಕಾರು ಹೋಗಲಾರದ ಆ ಕಿರುದಾರಿಯಲ್ಲಿ ಸೈಕಲ್ ಸಲೀಸಾಗಿ ದಾಟುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ. ಹೊಳೆಯ ಆಚೆಗಿನ ಮನೆ ಈಚೆಗಿನ ಶಾಲೆಗೆ ಸೈಕಲ್ ದೂರಕ್ಕೆ ಬಂತು.

ನಮ್ಮ ತಲೆಮಾರಿನದ್ದು ಬಿಎಸ್‌ಎ ಎಸ್‌ಎಲ್‌ಆರ್ ಮತ್ತು ಹೀರೋ ರೇಂಜರ್‌ಗಳ ಕಾಲ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಕಾಲೇಜಿಗೆ ಹೋಗುವವರ ಕನಸೆಲ್ಲ ಇವೇ. ಎಸ್‌ಎಲ್‌ಆರ್ ಹಗುರ, ನೋಡಲು ತೆಳು, ಸೊಗಸು. ದಪ್ಪ ಟೈರಿನ ರೇಂಜರ್ ನಮ್ಮ ಮುರಮಣ್ಣಿನ ರಸ್ತೆಗೆ ಹೇಳಿ ಮಾಡಿಸಿದಂತಿತ್ತು. ಅಮೆರಿಕದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಎಪ್ಪತ್ತರ ದಶಕದ ಕೊನೆಗೆ ಹುಟ್ಟಿದ ಮೌಂಟೇನ್ ಬೈಕಿನ ರೂಪ ಅದಕ್ಕಿತ್ತು, ಆದರೆ ಆ ಬೈಕಿನ ಜೀವಾಳವಾದ ಸಣ್ಣ ಗೇರುಗಳು ಇರಲಿಲ್ಲ. ನಾವು ಕೊಂಡ ರೇಂಜರ್‌ಗಳಿಗೆ ಇದ್ದದ್ದು ಒಂದೇ ಗೇರು. ಗೆಳೆಯರು ಸೇರಿ ಬೇಸಿಗೆ ರಜೆಯಲ್ಲಿ ಸುಬ್ರಹ್ಮಣ್ಯಕ್ಕೆ, ಸಂಪಾಜೆಗೆ ಹೋಗುತ್ತಿದ್ದೆವು. ನಮಗೆ ಬುತ್ತಿ ಇತ್ತು, ಪಂಕ್ಚರ್ ಹಾಕುವ ಸೊಲ್ಯೂಷನ್ ಇತ್ತು, ಕ್ಲಬ್ಬಿನ ಹೆಸರಿರಲಿಲ್ಲ. ಇಂದಿನ ಬರಹಗಾರರ ಕಣ್ಣಿಗೆ ಅದು ಸೈಕಲ್ ಸಂಸ್ಕೃತಿಯಾಗಿ ಕಾಣದಿರಲು ಬೇರೆ ಕಾರಣ ನನಗೆ ತೋರುವುದಿಲ್ಲ.

ಈ ಹೊತ್ತಿಗೆ ಮೀನಿನವರು ಬಜಾಜ್ ಎಂ-80 ಹತ್ತಿದ್ದರು. 1980ರಲ್ಲಿ ಬಂದ ಟಿವಿಎಸ್ 50ಕ್ಕಿಂತ ಎಂ-80 ಅವರಿಗೆ ಹೆಚ್ಚು ಒಗ್ಗಿತು. ಅದಕ್ಕೆ ಗೇರಿತ್ತು, ಹೊರೆ ಹೊತ್ತು ಚಡಾವು ಹತ್ತುತ್ತಿತ್ತು. ಬಡತನ ನೀಗಿತು, ಸೈಕಲ್ ಬಿಟ್ಟರು ಎನ್ನುವವರು ಇದನ್ನು ಗಮನಿಸಬೇಕು. ಆ ಮೀನಿನವರು ಸಿರಿವಂತರಾಗಿರಲಿಲ್ಲ. ಏರುವ ಬಂಡಿಯೊಂದು ಅವರ ಕೈಗೆ ಸಿಕ್ಕಿತು, ಅಷ್ಟೆ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ್ದು ನನ್ನ ದೃಷ್ಟಿಯಲ್ಲಿ ನಮ್ಮ ನಾಡಿನ ಸೈಕಲ್ ಚರಿತ್ರೆಯ ಅತಿ ದೊಡ್ಡ ಘಟನೆ. ಹಳ್ಳಿಯ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವುದನ್ನು ನಾವು ಮೊದಲು ಕಂಡದ್ದು ಆಗ. ಆದರೆ ಬಯಲಿಗೂ ಘಟ್ಟದ ಬುಡಕ್ಕೂ ಅದೇ ಒಂದು ಗೇರಿನ ಸೈಕಲ್ಲೇ ಬಂತು. ಕೊಲ್ಲಮೊಗ್ರಿನ, ಗುತ್ತಿಗಾರಿನ ಮಕ್ಕಳು ಅದನ್ನು ಇಳಿಜಾರಿನಲ್ಲಿ ಹತ್ತಿ, ಚಡಾವಿನಲ್ಲಿ ನೂಕಿ, ಕೊನೆಗೆ ಕೊಟ್ಟಿಗೆಯ ಬದಿಗೆ ಒರಗಿಸಿದರು. ಕೋವಿಡ್ ಬಂದಾಗ ವಿತರಣೆಯೂ ನಿಂತಿತು.

ಈಗಿನ ತಂಡಗಳ ಬಗ್ಗೆ ನನಗೆ ಗೌರವವಿದೆ. ಕುಲ್ಕುಂದದಿಂದ ಬಿಸಿಲೆ ಘಾಟಿ ಹತ್ತುವ ಯುವಕ-ಯುವತಿಯರನ್ನು ಕಂಡರೆ ಸಂತೋಷವಾಗುತ್ತದೆ. ಅವರ ಸೈಕಲ್ಲಿನ ಅತಿ ಸಣ್ಣ ಗೇರಿನಲ್ಲಿ ಒಂದು ತುಳಿತಕ್ಕೆ ಒಂದೂವರೆ ಮೀಟರಿಗಿಂತ ಕಡಿಮೆ ದೂರ ಸಾಗುವುದೂ ಉಂಟು. ಚಡಾವು ಹತ್ತಲು ಬೇಕಾದ್ದು ಅದೇ. ರೇಸಿಗಿಂತ ಬ್ರೆವೆ ಸವಾರಿಗಳು ನನಗೆ ಹೆಚ್ಚು ಇಷ್ಟ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ, ತನ್ನ ರಿಪೇರಿ ತಾನೇ, ಗೆದ್ದವರು ಸೋತವರು ಎಂಬ ಪಟ್ಟಿಯಿಲ್ಲ. ಆದರೆ ಈ ಸೈಕಲ್ಲುಗಳಿಗೆ ಕ್ಯಾರಿಯರ್ ಇಲ್ಲ, ಹಲವಕ್ಕೆ ಮಡ್‌ಗಾರ್ಡ್ ಕೂಡ ಇಲ್ಲ. ವಾರದ ಆರು ದಿನ ಅವು ಮನೆಯೊಳಗೆ, ಯಜಮಾನರು ಸ್ಕೂಟರಿನಲ್ಲಿ. ಪೇಟೆಗೆ, ತೋಟಕ್ಕೆ, ಶಾಲೆಗೆ ಹೋಗದ ಸೈಕಲ್ ಬೇರೂರಲಾರದು.

ಕೃಷಿಕರೇ ಕಂಡುಹಿಡಿದ ಉಪಕರಣಗಳನ್ನು ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ದಾಖಲಿಸುತ್ತ ಬಂದಿದೆ. ಪಕ್ಕದ ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಮಾಡಿದ ಅಡಿಕೆ ಮರ ಏರುವ ಬೈಕು 2019ರಲ್ಲಿ ದೇಶಕ್ಕೇ ಸುದ್ದಿಯಾಯಿತು. ಹೊಳೆಗೆ ಸೇತುವೆ, ಮರಕ್ಕೆ ಬೈಕು ಮಾಡಿಕೊಂಡ ಸೀಮೆ ಚಡಾವಿಗೆ ಸೈಕಲ್ ಮಾಡಿಕೊಳ್ಳಲಾರದೆ? ಬೇಕಾದ ಭಾಗಗಳೆಲ್ಲ ಹಳೆಯವು, ಪರೀಕ್ಷೆಯಲ್ಲಿ ಗೆದ್ದವು: ಹಬ್ಬಿನೊಳಗಿನ ಮೂರು ಗೇರು, ಮಳೆಗೆ ಜಗ್ಗದ ಡ್ರಮ್ ಬ್ರೇಕು, ಪೂರ್ತಿ ಮಡ್‌ಗಾರ್ಡು, ಗಟ್ಟಿ ಕ್ಯಾರಿಯರ್. ವಯಸ್ಸಾದವರಿಗೆ 250 ವ್ಯಾಟಿನ ಮೋಟಾರು ಸೇರಿಸಿಕೊಳ್ಳಬಹುದು. ಅಷ್ಟು ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮೀರದ ಸೈಕಲ್ಲಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ.

ಉಚಿತ ಸೈಕಲ್ ಯೋಜನೆ ಮತ್ತೆ ಶುರುವಾಗುವುದಾದರೆ ಘಟ್ಟದ ತಾಲೂಕುಗಳಿಗೆ ಬೇರೆ ಮಾದರಿ ಕೊಡಿ ಎಂದು ನಮ್ಮ ಶಾಸಕರು, ಶಾಲಾಭಿವೃದ್ಧಿ ಸಮಿತಿಗಳವರು ಈಗಲೇ ಕೇಳಬೇಕು. ಓದುಗರಲ್ಲಿಯೂ ಒಂದು ಕೋರಿಕೆ ಇದೆ. ಮನೆಯಲ್ಲಿ ಹಳೆಯ ಬಾಡಿಗೆ ಸೈಕಲ್ ಅಂಗಡಿಯ ಲೆಕ್ಕದ ಪುಸ್ತಕ, ಸೈಕಲ್ ಲೈಸೆನ್ಸಿನ ಬಿಲ್ಲೆ, ಸೈಕಲ್ ಬ್ಯಾಲೆನ್ಸಿನ ಫೋಟೋ ಇದ್ದರೆ ಗುಜಿರಿಗೆ ಹಾಕಬೇಡಿ. ನಿಮ್ಮೂರಿನ ಹಳೆಯ ಸೈಕಲ್ ಮೇಸ್ತ್ರಿ ಇನ್ನೂ ಇದ್ದರೆ, ಈ ಮಳೆಗಾಲ ಮುಗಿಯುವುದರೊಳಗೆ ಹೋಗಿ ಅವರು ಹೇಳುವುದನ್ನು ಬರೆದುಕೊಳ್ಳಿ.